ಶಂಕರಿಯ ಅರ್ಜಿಗೆ ಯಜಮಾನರ ತಿದ್ದುಪಡಿ

ಶಂಕರಿ: ಇದನ್ನು ಕಳುಹಿಸಿಯೂ ಆಯಿತಾ?

ಕೇಶವಪ್ರಸಾದ: ಬೆಳಿಗ್ಗೆಯೇ ಈಮೇಲ್ ಮಾಡಿದೆ. ನೀನು ಬರೆದದ್ದರಲ್ಲಿ ಎಲ್ಲ ಕಡೆ ‘ಐ ಕ್ಯಾನ್, ಐ ಕ್ಯಾನ್’. ಅಷ್ಟನ್ನೂ ತೆಗೆದು ‘ಮೈಟ್’ ಹಾಕಿದೆ.

ವಾಮದಪದವಿನ ಮಕ್ಕಳಿಗೆ ಇಪ್ಪತ್ತು ವರ್ಷಗಳಿಂದ ಕ್ಯಾನ್, ಮೇ, ಮಸ್ಟ್ ಅರೆದು ಕುಡಿಸುತ್ತಿರುವ ಇಂಗ್ಲಿಷ್ ಮಾಷ್ಟ್ರು ಇವರು. ಹೆಂಡತಿಯೂ ಕಡಿಮೆಯವಳಲ್ಲ, ಊರ ಮಕ್ಕಳಿಗೆಲ್ಲ ಜಗಲಿಯಲ್ಲೇ ಗಣಿತ ಹೇಳಿ ಪಾಸು ಮಾಡಿಸಿದವಳು. ಉಜಿರೆಯ ಶಾಲೆಯೊಂದಕ್ಕೆ ಗಣಿತದ ಟೀಚರ್ ಬೇಕಂತೆ, ನಲವತ್ತೈದು ದಾಟಿದವರು ಬೇಡವಂತೆ. ಶಂಕರಿಗೆ ನಲವತ್ತೈದು ತುಂಬಲು ಒಂದೇ ತಿಂಗಳು ಉಂಟು.

ಶಂಕರಿ: ‘ಮೈಟ್’ ಅಂದರೆ?

ಕೇಶವಪ್ರಸಾದ: ಕಲಿಸಿಯೇನು, ಕಲಿಸದೆಯೂ ಇದ್ದೇನು.

ಶಂಕರಿ: ಚಂದ ಆಯಿತು. ಸಂಬಳವನ್ನೂ ಅವರು ಹಾಗೆಯೇ ಕೊಟ್ಟಾರು.

ಕೇಶವಪ್ರಸಾದ: ನನಗೆ ಬರ್ತದೆ ಅಂತ ತಾನೇ ಹೇಳಿಕೊಳ್ಳುವ ಕ್ರಮ ನಮ್ಮಲ್ಲಿ ಉಂಟಾ ಮಾರಾಯ್ತಿ? ನೋಡಲು ಬಂದ ದಿನ ನಿನ್ನ ಅಪ್ಪ ಏನು ಹೇಳಿದ್ದು? ‘ಹುಡುಗಿಗೆ ಅಡುಗೆ ಏನೋ ಸ್ವಲ್ಪ ಬರ್ತದೆ.’ ನಾನು ಒಪ್ಪಲಿಲ್ಲವಾ?

ಶಂಕರಿ: ಒಪ್ಪಿದ್ದು ಹಲಸಿನಹಣ್ಣಿನ ಪಾಯಸ ಎರಡು ಸಲ ಹಾಕಿಸಿಕೊಂಡ ಮೇಲೆ. ಶಾಲೆಯವರಿಗೆ ನಾನು ಈಮೇಲಿನಲ್ಲಿ ಪಾಯಸ ಕಳುಹಿಸಲಾ?

ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು ಅರ್ಜಿಯ ಕೊನೆಯ ಸಾಲನ್ನು ಬಹಳ ಪ್ರೀತಿಯಿಂದ ಓದಿದರು. ಅದು ಅವರ ಸ್ವಂತದ್ದು. ನನಗಿಂತ ಒಳ್ಳೆಯವರು ಸಿಕ್ಕಿದರೆ ತಾವು ಅವರನ್ನೇ ತೆಗೆದುಕೊಳ್ಳಬಹುದು, ‘ಯು ಮೇ’.

ಶಂಕರಿ: ಓಹೋ, ನನ್ನನ್ನು ಬಿಡಲಿಕ್ಕೆ ಅವರಿಗೆ ಪರ್ಮಿಷನ್ ಬೇರೆ ಕೊಟ್ಟಿದ್ದೀರಿ.

ಅವಳಿಗೆ ನಿಜವಾಗಿಯೂ ಅಳು ಬಂತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶಾಲೆಯ ಹೆಡ್‌ಮಿಸ್ ಶುಭಶ್ರೀ. ಅರ್ಜಿ ಎರಡು ಸಲ ಓದಿದರಂತೆ, ಕೆಲಸ ಬೇಕೋ ಬೇಡವೋ ತಿಳಿಯಲಿಲ್ಲವಂತೆ. ಗಣಿತ ಕಲಿಸಲು ಆಗ್ತದಾ ಇಲ್ಲವಾ, ಅಷ್ಟು ಹೇಳಿದರೆ ಸಾಕು ಅಂದರು. ಮಾಷ್ಟ್ರು ಎದುರು ನಿಂತು, ಮೆಲ್ಲಗೆ ಮೆಲ್ಲಗೆ ಅಂತ ಕೈಸನ್ನೆ ಮಾಡಿದರು. ಶಂಕರಿ ಗೋಡೆಗೆ ಮುಖ ತಿರುಗಿಸಿದಳು.

ಶಂಕರಿ: ಆಗ್ತದೆ ಮೇಡಂ. ಹತ್ತನೇ ಕ್ಲಾಸಿನವರೆಗೆ ಚೆನ್ನಾಗಿ ಕಲಿಸ್ತೇನೆ.

ಸೋಮವಾರ ಒಂಬತ್ತಕ್ಕೆ ಬಂದು ಒಂದು ಪಾಠ ಮಾಡಿ ತೋರಿಸಿ ಅಂದರಂತೆ. ಆಮೇಲೆ ಇನ್ನೇನೋ ಕೇಳಿದರು, ಇವಳು ಚುಟುಕಾಗಿ ಉತ್ತರಿಸಿ ಫೋನ್ ಇಟ್ಟಳು.

ಕೇಶವಪ್ರಸಾದ: ಕೊನೆಗೆ ಏನು ಕೇಳಿದ್ದು?

ಶಂಕರಿ: ಆ ಅರ್ಜಿಯ ಇಂಗ್ಲಿಷ್ ಯಾರದ್ದು ಅಂತ.

ಕೇಶವಪ್ರಸಾದ: (ಎದೆಯುಬ್ಬಿಸಿ) ಹೇಳಿದೆಯಾ?

ಶಂಕರಿ: ನನ್ನದೇ ಅಂದೆ. ಎಷ್ಟಾದರೂ ಗಂಡನ ಮರ್ಯಾದೆ ಉಳಿಸಬೇಕಲ್ಲ.