ದೇವರ ನೆತ್ತಿಯ ಮೇಲೆ ಟೀವಿ

ಜರ್ಮನಿಯ ರೆನ್ನಿಂಗೆನ್ ಊರಿನ ಆ ಬಾಡಿಗೆ ಮನೆಯ ಹಾಲಿನಲ್ಲಿ ಒಂದು ಕಾಮಿನ್ ಇತ್ತು. ಕಾಮಿನ್ ಎಂದರೆ ಚಳಿಗೆ ಸೌದೆ ಉರಿಸಿ ಎದುರು ಕೂರುವುದಕ್ಕೆಂದು ಗೋಡೆಯೊಳಗೇ ಕಟ್ಟಿದ ಬೆಂಕಿಗೂಡು. ಕಲ್ಲಿನ ಕಮಾನು, ಮುಂದೊಂದು ನುಣುಪು ಮೆಟ್ಟಿಲು, ಹಿತ್ತಾಳೆ ಹಿಡಿಯ ಗಾಜಿನ ಬಾಗಿಲು. ಮನೆ ನೋಡಲು ಹೋದ ದಿನ ತೇಜಸ್ವಿ, ಅವನ ಹೆಂಡತಿ ರಚನಾ ಇಬ್ಬರೂ ಅದರ ಮುಂದೆ ಬೆರಗಾಗಿ ನಿಂತುಬಿಟ್ಟಿದ್ದರು. ಇಬ್ಬರೂ ಕಾಣುತ್ತಿರುವುದು ಒಂದೇ ಕನಸು ಎಂದುಕೊಂಡದ್ದೇ ತಪ್ಪಾಯಿತು.

ತೇಜಸ್ವಿ ಕಂಡದ್ದು ಹೀಗೆ: ಕೆಳಗೆ ಧಗಧಗ ಬೆಂಕಿ, ಮೇಲೆ ಗೋಡೆಯಗಲದ ಟೀವಿ, ಟೀವಿಯಲ್ಲಿ ಇಂಡಿಯಾದ ಬ್ಯಾಟಿಂಗು, ಎದುರು ಸೋಫಾದಲ್ಲಿ ಕಂಬಳಿ ಹೊದ್ದು ಕೋಡುಬಳೆ ಮೆಲ್ಲುತ್ತಿರುವ ಬ್ಲೂ ಕಾರ್ಡ್ ವೀಸಾಧಾರಿ ಶ್ರೀಮಾನ್ ತೇಜಸ್ವಿ. ಮೈಸೂರಿನ ಸರಸ್ವತಿಪುರಂನಲ್ಲಿ ಸ್ವೆಟರೂ ಹಾಕದೆ ಬೆಳೆದವನಿಗೆ ಇದಕ್ಕಿಂತ ದೊಡ್ಡ ಸಾಮ್ರಾಜ್ಯ ಬೇಕಿರಲಿಲ್ಲ.

ರಚನಾ ಸಾಮಾನು ಇಳಿಸಿದ ದಿನವೇ ಗೂಡನ್ನು ಸೋಪುನೀರಿನಲ್ಲಿ ತೊಳೆದು (ಕೈಗೆಟುಕಿದಷ್ಟು), ಮೆಟ್ಟಿಲಿಗೆ ರಂಗೋಲಿ ಎಳೆದು, ಗಣಪತಿ, ಲಕ್ಷ್ಮಿ, ನಂಜುಂಡೇಶ್ವರರನ್ನು ಒಳಗೆ ಕೂರಿಸಿ ದೀಪ ಹಚ್ಚಿದಳು.

"ಈ ದೇಶದಲ್ಲಿ ದೇವರಮನೆ ಇರೋ ಬಾಡಿಗೆ ಮನೆ ಸಿಗತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ತೇಜು. ಹೊಗೆ ಹೋಗಕ್ಕೆ ಚಿಮಣಿ ಬೇರೆ ಇಟ್ಟಿದಾರೆ."

"ಅದು ಬೆಂಕಿ ಹಾಕೋ ಜಾಗ ರಚ್ಚು."

"ದೀಪ ಏನು, ಐಸಾ?"



ಆದರೂ ತೇಜಸ್ವಿ ಆಸೆ ಬಿಡಲಿಲ್ಲ. ಊರಿಂದ ಬಂದಿದ್ದ ಅಮ್ಮ ಪುಟ್ಟಲಕ್ಷ್ಮಮ್ಮನವರೂ ರಚನಾಳೂ ತರಕಾರಿಗೆ ಹೋದ ಹೊತ್ತು ನೋಡಿ, ಗೂಡಿನ ಮೇಲಿನ ಗೋಡೆಗೆ ಡ್ರಿಲ್ ಹೊಡೆದು, ಹೊಸ ಟೀವಿಯನ್ನು ನೇತುಹಾಕಿಯೇ ಬಿಟ್ಟ. ಎಂಥ ಟೀವಿ ಅದು. ಸೀರಿಯಲ್ಲಿನ ಅತ್ತೆ ಅದರಲ್ಲಿ ಮನೆಯ ಅತ್ತೆಗಿಂತ ದೊಡ್ಡವಳಾಗಿ ಕಾಣುತ್ತಿದ್ದಳು. ಅದರ ಮುಂದೆ ನಿಂತ ತೇಜಸ್ವಿಗೆ ತನ್ನ ಮೇಲೆ ತನಗೇ ಗೌರವ ಹುಟ್ಟಿತು.

ಹಿಂತಿರುಗಿದ ಪುಟ್ಟಲಕ್ಷ್ಮಮ್ಮ ಚೀಲ ನೆಲಕ್ಕಿಟ್ಟು ಕತ್ತೆತ್ತಿ ನೋಡಿದರು. "ದೇವ್ರ ನೆತ್ತಿ ಮೇಲೆ ಟೀವಿ ಇಟ್ಟಿದೀಯಲ್ಲೋ ಮಗನೆ."

"ದೇವರಿಗೆ ಅಲ್ಲಿ ಜಾಗವೇ ಇಲ್ಲ ಅಮ್ಮ. ಗುರುವಾರ ಷೋರ್ನ್‌ಸ್ಟೈನ್‌ಫೇಗರ್ ಬರ್ತಾರೆ. ಅಂದ್ರೆ ಚಿಮಣಿ ಗುಡಿಸೋ ಅಧಿಕಾರಿ. ಇಲ್ಲಿ ಮಂತ್ರಿ ಬಂದ್ರೂ ಬಾಗಿಲು ತೆಗೀದೆ ಇರಬಹುದು, ಅವರು ಬಂದ್ರೆ ತೆಗೀಲೇಬೇಕು. ಅವರು ಹೇಳಿದ್ದೇ ಕಾನೂನು."

"ದೇವರನ್ನ ತೆಗೀರಿ ಅಂದ್ರೆ ನಾನು ತೆಗೀತೀನಿ," ಎಂದಳು ರಚನಾ. "ಟೀವಿ ತೆಗೀರಿ ಅಂದ್ರೆ?"

"ಟೀವಿಗೂ ಚಿಮಣಿಗೂ ಏನು ಸಂಬಂಧ? ಅವರು ಹಾಗಂದ್ರೆ ತೆಗೀತೀನಿ ಬಿಡು."

"ಅತ್ತೆನೇ ಸಾಕ್ಷಿ."

ತೇಜಸ್ವಿ ಒಳಗೊಳಗೇ ಹಿಗ್ಗಿದ. ಅವತ್ತೇ ಆಫೀಸಿನ ಗೆಳೆಯ ಜೋಯೆಲ್‌ಗೆ ಫೋನ್ ಮಾಡಿ, "ಭಾನುವಾರ ಫೈನಲ್ ನಮ್ಮನೇಲೇ ಮಗಾ, ಎಲ್ಲರನ್ನೂ ಕರ್ಕೊಂಡು ಬಾ. ಕೆಳಗೆ ಬೆಂಕಿ, ಮೇಲೆ ಮ್ಯಾಚು," ಎಂದು ಆಮಂತ್ರಣವನ್ನೂ ಕೊಟ್ಟ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಮಾತು ಅವನಿಗೆ ಗೊತ್ತಿತ್ತು. ಆದರೆ ಆ ದೈವ ಸೋಪುನೀರಿನಲ್ಲಿ ತೊಳೆದ ಗೂಡಿನಲ್ಲೇ ಕೂತಿದೆಯೆಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಗುರುವಾರ ಗಂಟೆ ಬಾರಿಸಿತು. ಬಾಗಿಲಲ್ಲಿ ಆಳೆತ್ತರದ ಒಬ್ಬ ಹೆಂಗಸು. ಕರೀ ಕೋಟು, ಚಿನ್ನದ ಬಣ್ಣದ ಗುಂಡಿಗಳು, ತಲೆಯ ಮೇಲೆ ಉದ್ದನೆಯ ಕರೀ ಹ್ಯಾಟು, ಹೆಗಲಲ್ಲಿ ಸುರುಳಿ ಸುತ್ತಿದ ಬ್ರಷ್ಷು. ಪುಟ್ಟಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಅಡಿಯಿಂದ ಮುಡಿಯವರೆಗೆ ಕಪ್ಪುಟ್ಟವರು ಹೊಸಿಲಿಗೆ ಬಂದದ್ದನ್ನು ಅವರು ಆಯುಷ್ಯದಲ್ಲಿ ನೋಡಿರಲಿಲ್ಲ. ಅಷ್ಟರಲ್ಲಿ ಎದುರುಮನೆಯ ಫ್ರಾವ್ ಕ್ಲಿಂಗ್ಲರ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದರು. ಕಸ ಬೇರ್ಪಡಿಸಿದ್ದು ಸರಿಯಿಲ್ಲವೆಂದು ದಿನಾ ಹುಬ್ಬು ಗಂಟಿಕ್ಕುವ ಆಕೆ, ಈಗ ಕಣ್ಣು ಮುಚ್ಚಿ ಆ ಕೋಟಿನ ಗುಂಡಿಯನ್ನು ಭಕ್ತಿಯಿಂದ ಮುಟ್ಟಿದರು.

"ಇವರನ್ನ ಮುಟ್ಟಿದ್ರೆ ಅದೃಷ್ಟ ಬರತ್ತಂತೆ ಅತ್ತೆ," ಎಂದಳು ರಚನಾ. "ಜರ್ಮನ್ ಕ್ಲಾಸಲ್ಲಿ ಹೇಳ್ಕೊಟ್ಟಿದ್ರು."

ಪುಟ್ಟಲಕ್ಷ್ಮಮ್ಮ ಒಳಗೆ ಹೋಗಿ ಅರಿಶಿನ ಕುಂಕುಮದ ಭರಣಿ, ತೆಂಗಿನಕಾಯಿ, ಬಾಳೆಹಣ್ಣು, ಒಂದು ರವಿಕೆ ಕಣ ಹಿಡಿದು ಬಂದರು. ಅಧಿಕಾರಿಣಿ ಹ್ಯಾಟು ತೆಗೆದು, ಏನೂ ಕೇಳದೆ, ಹಣೆ ಬಗ್ಗಿಸಿದಳು. ಕುಂಕುಮ ಆ ಬಿಳೀ ಹಣೆಯಲ್ಲಿ ಕೂತಾಗ ಎಲ್ಲರೂ ಉಸಿರು ಬಿಗಿಹಿಡಿದರು. ತೇಜಸ್ವಿಗೂ ಮೈ ಜುಮ್ಮೆಂದಿತು. ಮರುಕ್ಷಣವೇ ನ್ಯಾಯಾಧೀಶರು ಒಂದು ಪಕ್ಷದವರ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳಬಹುದೇ ಎಂಬ ಅನುಮಾನವೂ ಬಂತು.

ಆಕೆ ಗಾಜಿನ ಬಾಗಿಲು ತೆರೆದಳು. ಒಳಗೆ ದೀಪ ಉರಿಯುತ್ತಿತ್ತು, ನಂಜುಂಡೇಶ್ವರ ಥಳಥಳಿಸುತ್ತಿದ್ದ. ಆಕೆ ಹ್ಯಾಟನ್ನು ಪಕ್ಕಕ್ಕಿಟ್ಟಳು. ಆಮೇಲೆ ಮೆಟ್ಟಿಲ ಮೇಲೆ ಉದ್ದಕ್ಕೆ ಮಲಗಿ, ದೇವರ ಪಕ್ಕದಿಂದ ತಲೆ ತೂರಿಸಿ, ಟಾರ್ಚ್ ಹಿಡಿದು ಮೇಲೆ ನೋಡತೊಡಗಿದಳು.

"ಸಾಷ್ಟಾಂಗ," ಎಂದು ಪುಟ್ಟಲಕ್ಷ್ಮಮ್ಮ ಕೈಮುಗಿದರು.

ಎದ್ದುನಿಂತ ಆಕೆ ಆ ಸೀಮೆಯ ಗಡುಸು ಜರ್ಮನ್‌ನಲ್ಲಿ ಏನೇನೋ ಹೇಳಿದಳು. ತೇಜಸ್ವಿಗೆ ತಿಳಿದದ್ದು ನೈನ್, ಅಂದರೆ ಇಲ್ಲ, ಎಂಬ ಒಂದೇ ಪದ. ಅವನಿಗೆ ಅಷ್ಟೇ ಸಾಕಾಗಿತ್ತು. "ನೋಡಿದ್ಯಾ, ನೈನ್ ಅಂದ್ರು. ದೇವರನ್ನ ಎತ್ತು."

ರಚನಾ ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಅನುವಾದಿಸಿದಳು. "ಇದ್ರಲ್ಲಿ ಬೆಂಕಿ ಹಾಕೋ ಹಾಗೇ ಇಲ್ವಂತೆ ತೇಜು. ಮೇಲ್ಗಡೆ ಎಷ್ಟೋ ವರ್ಷದ ಹಿಂದೇನೇ ಮುಚ್ಚಿದಾರಂತೆ. ಈ ಗೋಡೆ ಒಳಗಡೆ ಕೆಳಗಿನ ಮನೆ ಹೀಟಿಂಗ್ ಹೊಗೆ ಹೋಗತ್ತಂತೆ. ಇದಕ್ಕೆ ತೂತು ಕೊರೆದ ಮಹಾನುಭಾವರು ಯಾರು ಅಂತ ಕೇಳ್ತಿದಾರೆ."

ಪುಟ್ಟಲಕ್ಷ್ಮಮ್ಮನಿಗೆ ಜರ್ಮನ್ ಬಾರದು. ಆದರೂ ಬೆರಳು ಸರಿಯಾಗಿ ಮಗನ ಕಡೆಗೇ ತೋರಿಸಿತು.

"ಟೀವಿ ಇವತ್ತೇ ಇಳಿಬೇಕಂತೆ."

"ದೇವರು?" ತೇಜಸ್ವಿಯ ದನಿ ಸಣ್ಣದಾಗಿತ್ತು.

"ಇರಬಹುದಂತೆ. ದೀಪದ ಹತ್ರ ಪೇಪರ್ ಇಡಬೇಡಿ ಅಂದ್ರು."

ಅವನ ಮುಖ ನೋಡಿ ಅಧಿಕಾರಿಣಿಗೇ ಅಯ್ಯೋ ಅನ್ನಿಸಿರಬೇಕು. ಬ್ರಷ್ಷಿನ ಮಸಿಯನ್ನು ಬೆರಳಿಗೆ ತೆಗೆದು ಅವನ ಕೆನ್ನೆಗೆ ಒಂದು ಬೊಟ್ಟಿಟ್ಟಳು. ಅದೃಷ್ಟಕ್ಕೆ, ಎಂದಳು ರಚನಾ. ಪುಟ್ಟಲಕ್ಷ್ಮಮ್ಮನ ಕಣ್ಣು ತುಂಬಿಬಂತು. "ದೃಷ್ಟಿಬೊಟ್ಟು ಕಣೋ. ನೀನು ಕೂಸಾಗಿದ್ದಾಗ ನಾನು ಇಡ್ತಿದ್ದೆನಲ್ಲ, ಅದೇ ಕೆನ್ನೆ. ಇವ್ರಿಗೆ ಯಾರು ಹೇಳ್ಕೊಟ್ರು ಇದನ್ನ?" ಸೋತು ನಿಂತಿದ್ದ ತೇಜಸ್ವಿ ಬೊಟ್ಟನ್ನು ಒರೆಸಿಕೊಳ್ಳದೆ ಹಾಗೇ ಬಿಟ್ಟ. ಏಳು ಸಮುದ್ರದಾಚೆ ಒಬ್ಬಳು ಅಪರಿಚಿತೆ ಅವನನ್ನು ಮತ್ತೆ ಕೂಸು ಮಾಡಿ ಹೋಗಿದ್ದಳು.

ಹಾಲಿನ ಉಳಿದ ಗೋಡೆಗಳೆಲ್ಲ ಬರೀ ಕಿಟಕಿ, ಹೀಟರು. ಟೀವಿಗೆ ಜಾಗ ಸಿಕ್ಕಿದ್ದು ಅಮ್ಮನ ಕೋಣೆಯಲ್ಲಿ ಮಾತ್ರ. ಭಾನುವಾರ ಜೋಯೆಲ್ ದಂಡು ಸಮೇತ ಬಂದಾಗ ಅತ್ತೆ, ಸೊಸೆ, ರಚನಾಳ ಜರ್ಮನ್ ಕ್ಲಾಸಿನ ಗೆಳತಿಯರು ಎಲ್ಲ ಆ ಕೋಣೆಯ ಮಂಚ ಹತ್ತಿಯಾಗಿತ್ತು. ಫ್ರಾವ್ ಕ್ಲಿಂಗ್ಲರ್ ಕೂಡ ಚಕ್ಕುಲಿ ತಟ್ಟೆ ಹಿಡಿದು ಪುಟ್ಟಲಕ್ಷ್ಮಮ್ಮನ ಪಕ್ಕ ಕೂತಿದ್ದರು. ಗಂಡಸರಿಗೆ ಕಾಲಿಡಲೂ ಜಾಗವಿರಲಿಲ್ಲ.

"ಎಂತ ಮಾರಾಯ, ಬೆಂಕಿ ಎಲ್ಲುಂಟು?" ಎಂದ ಮಂಗಳೂರಿನ ಜೋಯೆಲ್.

ತೇಜಸ್ವಿ ದೀಪ ತೋರಿಸಿದ. ದಂಡು ತೆಪ್ಪಗೆ ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕೋಣೆಯಿಂದ ಬರುವ ಸ್ಕೋರಿಗಾಗಿ ಕಿವಿ ಕೊಟ್ಟಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಪುಟ್ಟಲಕ್ಷ್ಮಮ್ಮನ ದನಿ ಕೇಳಿಸಿತು.

"ಲೋ ತೇಜು, ಆ ಬೊಟ್ಟು ಏನಾದ್ರೂ ಒರಸ್ಕೊಂಡ್ಯಾ? ಇಲ್ಲಿ ವಿಕೆಟ್ ಮೇಲೆ ವಿಕೆಟ್ ಹೋಗ್ತಾ ಇದೆ."

ಗೆಳೆಯರು ಬರುತ್ತಾರೆಂದು ಬೆಳಿಗ್ಗೆ ಮುಖ ತಿಕ್ಕಿ ತೊಳೆದಿದ್ದ ತೇಜಸ್ವಿ ಕೆನ್ನೆ ಮುಟ್ಟಿಕೊಂಡ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಮೊಣಕಾಲೂರಿ ಗಾಜಿನ ಬಾಗಿಲು ತೆರೆದ. ನಂಜುಂಡೇಶ್ವರನಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿ, ರಚನಾಳ ಸೋಪುನೀರು ಮುಟ್ಟದ ಮೇಲಿನ ಮೂಲೆಗೆ ಕೈ ಚಾಚಿ, ಬೆರಳ ತುಂಬ ಮಸಿ ಕೆರೆದು, ತನ್ನ ಕೆನ್ನೆಗೆ ತಾನೇ ಬಳಿದುಕೊಂಡ.