ಹೆಂಡತಿಗೆ ಸೊನ್ನೆ ಪರ್ಸೆಂಟು

"ಇವತ್ತಿನಿಂದ ಈ ಮನೆ ವಿಜ್ಞಾನದ ಪ್ರಕಾರ ನಡೆಯುತ್ತೆ!" ಎಂದು ಅವರು ಫ್ರಿಜ್ಜಿನ ಬಾಗಿಲಿಗೆ ಪಟ್ಟಿಯೊಂದನ್ನು ಅಂಟಿಸಿ ಘೋಷಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುಕ್ಕರ್ ಒಂದು ಸೀಟಿ ಹೊಡೆಯಿತು, ಅಷ್ಟೆ.

ಅವರ ಕೆಲಸ ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ಅಲ್ಲಿ ಅವರಿಗೆ ‘ಅಲ್ಪವಿರಾಮ’ ಎಂದೇ ಹೆಸರು. ಪುಸ್ತಕದಲ್ಲಿ ಎಲ್ಲಿ ಕೊಂಬು ಹೆಚ್ಚಾದರೂ ಮುರಿದು ಹಾಕುವ ಅಲ್ಪವಿರಾಮರಿಗೆ, ಪುಸ್ತಕ ಮುಗಿಯುವ ಹೊತ್ತಿಗೆ ತಮಗೇ ಎರಡು ಕೊಂಬು ಮೂಡಿರುವುದು ಮಾತ್ರ ಕಾಣುತ್ತಿರಲಿಲ್ಲ. ಈ ಸಲ ಕೈಗೆ ಬಂದದ್ದು ಮನುಷ್ಯನ ದೇಹ, ಬುದ್ಧಿ, ಕಾಯಿಲೆಗಳೆಲ್ಲ ಹೇಗೆ ವಿಕಾಸವಾದವು ಎನ್ನುವ ದಪ್ಪ ಪುಸ್ತಕ. ಜ್ವರವೂ ದೇಹದ ರಕ್ಷಣೆಯೇ ಎಂಬ ಅಧ್ಯಾಯ ತಿದ್ದಿದ ವಾರ ಥರ್ಮಾಮೀಟರನ್ನೇ ಬಚ್ಚಿಟ್ಟಿದ್ದರು. ಈಗ ಬಂಧುಗಳ ಅಧ್ಯಾಯ. ಪಟ್ಟಿಯಲ್ಲಿ ಹೀಗಿತ್ತು: ಅಪ್ಪ ೫೦. ಅಮ್ಮ ೫೦. ತಮ್ಮ ೫೦. ಹೆಂಡತಿ ೦.

"ಏನ್ರೀ ಇದು, ಕ್ರಿಕೆಟ್ ಸ್ಕೋರಾ?" ಎಂದಳು ಹೆಂಡತಿ.

"ರಕ್ತದ ಪಾಲು ಕಣೇ! ಯಾರ ಜೊತೆ ಎಷ್ಟು ಪಾಲೋ ಅವರಿಗೆ ಅಷ್ಟು ಉಪಕಾರ. ಪ್ರಕೃತಿ ಲಕ್ಷಾಂತರ ವರ್ಷ ಕೂತು ಹಾಕಿದ ಲೆಕ್ಕ!"

"ಹಾಗಾದ್ರೆ ನಾನು ಡಕ್ ಔಟು."

"ಬೇಜಾರು ಮಾಡ್ಕೋಬೇಡ. ವಿಜ್ಞಾನದಲ್ಲಿ ದಾಕ್ಷಿಣ್ಯ ಇರಲ್ಲ."

ಲೆಕ್ಕ ಆ ಸಂಜೆಯೇ ಜಾರಿಗೆ ಬಂತು. ಹೆಂಡತಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ಕಿಟಕಿಯ ಕೋಣೆ, ತಮ್ಮನ ವ್ಯಾಯಾಮದ ಸೈಕಲ್ಲಿಗೆ ಮಂಜೂರಾಯಿತು. ಕಬ್ಬಿಣದ ಕಾಲಿನ ಹೊಲಿಗೆ ಮಿಷಿನ್ ಸಮೇತ ಸೊನ್ನೆ ಪರ್ಸೆಂಟಿನ ಹೆಂಡತಿ ಪ್ಯಾಸೇಜಿಗೆ ಬಂದಳು. ಆ ಇಕ್ಕಟ್ಟು ಪ್ಯಾಸೇಜಿಗೆ ಇದ್ದದ್ದು ಒಂದೇ ಬಲ್ಬು, ಅದೂ ಬಚ್ಚಲ ಬಾಗಿಲಿನ ಎದುರಿಗೆ.

ಮರುದಿನ ಹನ್ನೊಂದಕ್ಕೆ ಕರಡಿನ ಕೊನೆಯ ಕಟ್ಟು ಪ್ರೆಸ್ಸಿನಲ್ಲಿರಬೇಕಿತ್ತು. "ಹನ್ನೊಂದು ದಾಟಿದ್ರೆ ನಾಳೆಯಿಂದ ನೀವೂ ಬರೋದು ಬೇಡ" ಎಂದಿದ್ದರು ಮಾಲೀಕರು. ಅಲ್ಪವಿರಾಮರು ಹತ್ತಕ್ಕೇ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲನ್ನು ಹೊರಕ್ಕೆ ತಳ್ಳಿದರು. ಅದು ನಾಲ್ಕು ಬೆರಳು ತೆರೆದು ನಿಂತುಬಿಟ್ಟಿತು. ಸಂದಿಯಲ್ಲಿ ನೋಡುತ್ತಾರೆ, ಬಾಗಿಲಿಗೂ ಗೋಡೆಗೂ ನಡುವೆ ಮಿಷಿನ್ ಗಟ್ಟಿಯಾಗಿ ಸಿಕ್ಕಿಕೊಂಡಿದೆ! ಅವರು ಒಳಗಿರುವಾಗ ಅದನ್ನು ಬಲ್ಬಿನ ಕೆಳಕ್ಕೆ ಎಳೆದ ಹೆಂಡತಿ, ದಾರ ಮುಗಿಯಿತೆಂದು ಅಂಗಡಿಗೆ ಹೋಗಿದ್ದಳು.

"ಲೋ ತಮ್ಮಾ!" ಎಂದು ಕಿರುಚಿದರು. ಐವತ್ತು ಪರ್ಸೆಂಟಿನ ತಮ್ಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎಲ್ಲಿಗೂ ಹೋಗದ ಸೈಕಲ್ಲನ್ನು ಬೆವರು ಸುರಿಸಿ ತುಳಿಯುತ್ತಿದ್ದ. ಬಂದದ್ದು ಅಮ್ಮ.

"ಈ ಮಿಷಿನ್ ನನ್ನೊಬ್ಬಳ ಕೈಲಿ ಅಲ್ಲಾಡಲ್ಲಪ್ಪ. ಅದಿರ್ಲಿ, ಆ ಪಟ್ಟಿಲಿ ಪಾಪ ಅವಳಿಗ್ಯಾಕೋ ಸೊನ್ನೆ?"

ಅಂಥ ಸ್ಥಿತಿಯಲ್ಲೂ ಅವರಿಗೆ ಪಾಠ ಹೇಳುವ ಹುರುಪು ಬಂತು. "ಗಂಡ ಹೆಂಡತಿ ಮಧ್ಯೆ ರಕ್ತದ ಪಾಲು ಇರಲ್ಲಮ್ಮ. ಎಲ್ಲಾರಿಗೂ ಅಷ್ಟೆ."

"ಎಲ್ಲಾರಿಗೂ?"

"ಎಲ್ಲಾರಿಗೂ!"

"ಹಾಗಾದ್ರೆ ನಿಮ್ಮಪ್ಪಂಗೆ ನಾನೆಷ್ಟೋ?"

ಅಲ್ಪವಿರಾಮರು ಸಂದಿಯಿಂದ ಮುಖ ಹಿಂದಕ್ಕೆಳೆದುಕೊಂಡರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಸೊ... ಸೊನ್ನೆ."

"ನಲವತ್ತಾರು ವರ್ಷ ಬೇಯಿಸಿ ಹಾಕಿದ್ದೀನಿ ಕಣೋ! ಬರ್ಲಿ ನಿಮ್ಮಪ್ಪ, ವಾಕಿಂಗ್ ಮುಗಿಸ್ಕೊಂಡು ಬರ್ಲಿ!"

ಅಷ್ಟರಲ್ಲಿ ಹೆಂಡತಿ ದಾರ ಹಿಡಿದು ಬಂದಳು. "ನಾನೂ ಸೊನ್ನೆಯಂತೆ ಕಣಮ್ಮಾ!" ಎಂದು ಅಮ್ಮ ಅವಳ ಕೈ ಹಿಡಿದರು. ಸಾರಿಗೆ ಉಪ್ಪು ಎಷ್ಟು ಎಂಬುದರಲ್ಲೂ ಎಂದೂ ಒಂದಾಗದ ಅತ್ತೆ ಸೊಸೆ, ಕಣ್ಣೆದುರೇ ಒಂದಾಗಿಬಿಟ್ಟರು!

ಹತ್ತೂಮುಕ್ಕಾಲಿಗೆ ಫೋನ್ ಬಡಿದುಕೊಂಡಿತು. "ರೀ, ಪ್ರೆಸ್ ಓನರ್ರು. ಇವರಿಗೆಷ್ಟು ಪರ್ಸೆಂಟು?"

"ಕೆಲಸ ಹೋಗುತ್ತೆ ಕಣೇ! ಮಿಷಿನ್ ಸರಿಸು!"

"ಸೊನ್ನೆ ಕೈಲಿ ಏನಾಗುತ್ತೆ? ನಿಮ್ಮ ಕಟ್ಟು ತೆಗೆದು ನೋಡ್ದೆ. ಮನುಷ್ಯನಿಗೂ ಚಿಂಪಾಂಜಿಗೂ ತೊಂಬತ್ತೆಂಟು ಹೊಂದುತ್ತಂತೆ. ತಮ್ಮನಿಗಿಂತ ಹತ್ತಿರದ ನೆಂಟ! ಕೂಗಿ, ಬರುತ್ತೆ."

ಆ ಪುಟವನ್ನು ತಿದ್ದಿದವರು ಅವರೇ. ಬಿಟ್ಟುಹೋಗಿದ್ದ ಒತ್ತಕ್ಷರ ಕಂಡಿತ್ತು, ಅರ್ಥ ಕಂಡಿರಲಿಲ್ಲ. ಅಲ್ಪವಿರಾಮರು ಪೂರ್ಣವಿರಾಮವಾದರು. "ತಪ್ಪಾಯ್ತು ಮಾರಾಯ್ತಿ!"

"ಬಾಯಿಮಾತು ಬೇಡ. ಕರಡಲ್ಲೇ ತಿದ್ದಿ." ಪಟ್ಟಿಯೂ ಕೆಂಪು ಪೆನ್ನೂ ಸಂದಿಯಿಂದ ಒಳಗೆ ಬಂದವು.

ಅವರು ಒದ್ದೆ ಕೈಯಲ್ಲೇ ಸೊನ್ನೆಯ ಎಡಕ್ಕೆ ಹತ್ತು ಬರೆದು ಅದನ್ನು ನೂರು ಮಾಡಿ ಹೊರಗೆ ಕೊಟ್ಟರು. ಹೆಂಡತಿ ಕಿಸಕ್ಕನೆ ನಕ್ಕಳು. ಅತ್ತೆ ಸೊಸೆ ಇಬ್ಬರೂ ಸೇರಿ ತಳ್ಳಿದರು. ಮಿಷಿನ್ ಕಿರ್ರೆಂದಿತು. ಸಂದಿ ಎಂಟು ಬೆರಳಾಯಿತು, ಒಂದು ಭುಜವೂ ಹೊರಬಂತು! ಆಗ ಅಮ್ಮ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು.

"ಅವಳಿಗೆ ನೂರು. ಸಂತೋಷ. ಹೆತ್ತವಳಿಗೆ ಐವತ್ತೇ ಏನೋ?"

"ಅಮ್ಮಾ, ಅದು ವಿಜ್ಞಾನ..."

ಅತ್ತೆ ಸೊಸೆ ಮತ್ತೆ ಕೈ ಸೇರಿಸಿದರು, ಮಿಷಿನ್ ಕಿರ್ರೆಂದು ಹಿಂದಕ್ಕೆ ಬಂತು. ಭುಜ ಒಳಗೆ ಹೋಯಿತು. ಹೆಂಡತಿ ಸ್ಟೂಲ್ ಎಳೆದುಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು.

"ಪೆನ್ನು ನಿನ್ನ ಹತ್ರಾನೇ ಇದೆಯಲ್ಲ, ನಿಧಾನವಾಗಿ ಯೋಚನೆ ಮಾಡಿ ಬರಿ" ಎಂದು ಅಮ್ಮ ಪಟ್ಟಿಯನ್ನು ಮತ್ತೆ ಸಂದಿಯೊಳಗೆ ತೂರಿಸಿದರು. "ನೂರು ಆಗ್ಲೇ ಖರ್ಚಾಗಿದೆ, ನೆನಪಿರ್ಲಿ."