ಲೋರ್ನಾ ಉಳಿಸಿದ ಒಂದು ವರ್ಷ

"ನನ್ನ ಮಗಳು ಕಾಲೇಜಿನ ಮೊದಲ ವರ್ಷಾನ ಕಾಲೇಜಿಗೆ ಕಾಲಿಡೋ ಮೊದಲೇ ಮುಗಿಸ್ತಾಳೆ, ನೋಡ್ತಾ ಇರಿ!"

ಚರ್ಚಿನ ನೆಲಮಾಳಿಗೆಯಲ್ಲಿ ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ತಟ್ಟೆಗೆ ಜೋಡಿಸುತ್ತ ಲೋರ್ನಾ ಹ್ರುಸ್ಕಾ ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ನೆಬ್ರಾಸ್ಕಾದ ಆ ಪುಟ್ಟ ಊರಿನ ಹೆಂಗಸರೆಲ್ಲ ತೆಪ್ಪಗೆ ತಲೆಯಾಡಿಸಿದರು. ಊರಿಗಿದ್ದ ಒಬ್ಬನೇ ದಂತವೈದ್ಯನ ಬಳಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವವಳು ಅವಳೇ. ಹಲ್ಲುನೋವು ಯಾರಿಗೆ ಯಾವಾಗ ಬರುತ್ತದೋ!

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎ.ಪಿ. ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದರೆ ಕಾಲೇಜು ಅದಕ್ಕೆ ಕ್ರೆಡಿಟ್ ಕೊಡುತ್ತದೆ, ಅಂದರೆ ಆ ಪಾಠ ಮುಗಿಸಿದ ಹಾಗೇ ಲೆಕ್ಕ. ಎರಡೋ ಮೂರೋ ಬರೆದರೆ ಸಾಕು ಅಂದರು ಶಾಲೆಯವರು. ಲೋರ್ನಾ ತನ್ನ ಮಗಳು ಮಾರ್ಲಿಸ್ ಕೈಲಿ ಎಂಟು ಬರೆಸಿದಳು. ಅದಕ್ಕಾಗಿ ಶಾಲೆಯ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಿದ್ದ ಹುಡುಗಿಯನ್ನು ಬ್ಯಾಂಡು ಬಿಡಿಸಿದ್ದೂ ಆಯಿತು.

"ಊದೋ ಮಗು ಊದ್ಲಿ ಬಿಡೇ," ಅಂದ ಗಂಡ ಡೆಲ್.

"ಊದಿದ್ರೆ ಗಾಳಿ ಬರುತ್ತೆ, ಕ್ರೆಡಿಟ್ ಬರುತ್ತಾ? ನೀ ಸುಮ್ನಿರಪ್ಪ!"

ಮಾರ್ಲಿಸ್ ಎಂಟಕ್ಕೆ ಎಂಟೂ ಗೆದ್ದಳು. ಕಾಲೇಜು ಒಂದನ್ನೂ ತಳ್ಳಿಹಾಕದೆ ಒಪ್ಪಿಕೊಂಡಿತು. ಅನಾಹುತ ಶುರುವಾದದ್ದೇ ಅಲ್ಲಿಂದ!

ಅಷ್ಟು ಕ್ರೆಡಿಟ್ ಇಟ್ಟುಕೊಂಡವಳು ಹೊಸಬಳು ಹೇಗಾದಾಳು? ಕಾಲೇಜಿನ ಕಂಪ್ಯೂಟರು ಅವಳನ್ನು ನೇರ ಎರಡನೇ ವರ್ಷಕ್ಕೆ ಹತ್ತಿಸಿತು. ಹೊಸಬರ ಹಾಸ್ಟೆಲ್ಲಿನಲ್ಲಿ ಗೆಳತಿ ಓಡೆಟ್ ಜೊತೆ ಇರಬೇಕೆಂದು ಕಾದಿರಿಸಿದ್ದ ಕೋಣೆ ಕೈತಪ್ಪಿ, ಹಳಬರ ಹಾಸ್ಟೆಲ್ಲಿನಲ್ಲಿ ಒಂಟಿ ಕೋಣೆ ಸಿಕ್ಕಿತು. ಹೊಸಬರಿಗೆಂದು ನಡೆದ ಪರಿಚಯದ ವಾರಕ್ಕೆ ಅವಳಿಗೆ ಕರೆಯೇ ಇಲ್ಲ. ರಸಾಯನಶಾಸ್ತ್ರದ ಮೊದಲ ವರ್ಷದ ಪಾಠಗಳು ಮನ್ನಾ ಆದವು. ಈಜು ಬಾರದವಳು ನಡುನೀರಿಗೆ ಬಿದ್ದ ಹಾಗೆ ಎರಡನೇ ವರ್ಷದ ತರಗತಿಗೆ ಬಿದ್ದಳು. ಮೊದಲ ಟೆಸ್ಟಿನಲ್ಲಿ ನೂರಕ್ಕೆ ಮೂವತ್ತೊಂದು!

"ಮೇಷ್ಟ್ರು ಮಾತೆತ್ತಿದ್ರೆ 'ಹೋದ ವರ್ಷ ಮಾಡಿದ್ವಲ್ಲ' ಅಂತಾರಮ್ಮ," ಎಂದಳು ಮಾರ್ಲಿಸ್ ಫೋನಿನಲ್ಲಿ. "ಹೋದ ವರ್ಷ ನಾನಿಲ್ಲಿ ಎಲ್ಲಿದ್ದೆ? ಊಟಕ್ಕೂ ಒಬ್ಬಳೇ ಕೂರ್ತೀನಿ."

ಲೋರ್ನಾ ಮರುದಿನವೇ ರಜೆ ಹಾಕಿ, ಮೂರು ಗಂಟೆ ಕಾರು ಓಡಿಸಿ, ಸಿಕ್ಕ ಜಾಗದಲ್ಲಿ ಅದನ್ನು ನಿಲ್ಲಿಸಿ, ಕಾಲೇಜಿನ ದಾಖಲಾತಿ ಕಚೇರಿಗೆ ನುಗ್ಗಿದಳು. ಕೌಂಟರಿನಲ್ಲಿ ಕನ್ನಡಕದ ಮುದುಕನೊಬ್ಬ ಕೂತಿದ್ದ.

"ಕ್ರೆಡಿಟ್ ವಿಷಯ ಮಾತಾಡಬೇಕಿತ್ತು."

"ಇನ್ನೂ ಜಾಸ್ತಿ ಬೇಕಾ ಮೇಡಂ? ಎಲ್ಲರೂ ಬರೋದು ಅದಕ್ಕೇ."

"ಬೇಡ! ಕೊಟ್ಟಿರೋದನ್ನ ವಾಪಸ್ ತಗೊಳ್ಳಿ!"

ಮುದುಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದ. "ಇಪ್ಪತ್ತೆರಡು ವರ್ಷದ ಸರ್ವಿಸ್ಸಲ್ಲಿ ಇದೇ ಮೊದಲು. ನೀವು ಇಲ್ಲಿ ವಿದ್ಯಾರ್ಥಿನಾ?"

"ಅಲ್ಲ, ವಿದ್ಯಾರ್ಥಿಯ ಅಮ್ಮ."

"ಹಾಗಾದ್ರೆ ನಾನು ತುಟಿ ಬಿಚ್ಚೋ ಹಾಗಿಲ್ಲ, ವಿದ್ಯಾರ್ಥಿ ಬಿಟ್ಟು ಬೇರೆಯವರ ಹತ್ರ ಮಾತಾಡಬಾರದು ಅಂತ ಕಾನೂನಿದೆ. ಇಲ್ಲಿ ಅಮ್ಮಂದಿರಿಗೆ ಯಾವ ಕ್ರೆಡಿಟ್ಟೂ ಇಲ್ಲ ಮೇಡಂ!"

ಲೋರ್ನಾ ಹೊರಗೆ ಬಂದು ಬೆಂಚಿನ ಮೇಲೆ ಕುಸಿದಳು. ಫೋನು ಮಾಡಿ ಕರೆಸಿದ ಮೇಲೆ ಮಾರ್ಲಿಸ್ ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣ ಕೆಳಗಿನ ಕಪ್ಪನ್ನು ಲೋರ್ನಾ ಸರಿಯಾಗಿ ನೋಡಿದ್ದು ಅಂದೇ.

"ತಪ್ಪು ನಂದೇ ಕಣೇ," ಎಂದಳು ಲೋರ್ನಾ. " ಊರವರ ಮುಂದೆ ಜಂಬ ಕೊಚ್ಚಿಕೊಳ್ಳೋಕೆ ನಿನ್ನ ದುಡಿಸ್ದೆ."

"ನಾನೇ ಬೆಳಿಗ್ಗೆ ನಮ್ಮ ವಿಭಾಗದಲ್ಲಿ ಹೋಗಿ ಕೇಳ್ದೆ ಅಮ್ಮ. ರಸಾಯನಶಾಸ್ತ್ರದ ಕ್ರೆಡಿಟ್ ಬಿಟ್ಟುಕೊಟ್ಟು ಜನವರಿಯಲ್ಲಿ ಮೊದಲಿಂದ ಓದಬಹುದಂತೆ. ಹಾಸ್ಟೆಲ್ ಮಾತ್ರ ಆಗಲ್ಲವಂತೆ, ಓಡೆಟ್ ಜೊತೆ ಬೇರೆಯವಳು ಬಂದುಬಿಟ್ಳು. ಮಿಕ್ಕ ಏಳು ಇರ್ಲಿ ಬಿಡು. ಒಂದು ವರ್ಷ ಅಲ್ದೇ ಹೋದ್ರೂ ಮುಕ್ಕಾಲು ವರ್ಷ ಉಳಿಯುತ್ತೆ."

ಲೋರ್ನಾಳ ಮುಖದಲ್ಲಿ ಮಿಂಚು ಹೊಡೆಯಿತು. "ಹೌದಲ್ವಾ! ಆ ಮುಕ್ಕಾಲು ವರ್ಷದಲ್ಲಿ ಏನ್ ಮಾಡೋಣ? ಇನ್ನೊಂದು ಡಿಗ್ರಿ? ಮೆಡಿಕಲ್ಲಿಗೆ ತಯಾರಿ?"

"ನಿದ್ದೆ ಮಾಡ್ತೀನಮ್ಮ," ಎಂದಳು ಮಾರ್ಲಿಸ್. "ಎರಡು ವರ್ಷದ್ದು ಬಾಕಿ ಇದೆ."

ಹಾಗೆಂದವಳು ಅಮ್ಮನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಎದುರಿಗೆ ಪೊಲೀಸಿನವನು ಲೋರ್ನಾಳ ಕಾರಿನ ಗಾಜಿಗೆ ದಂಡದ ಚೀಟಿ ಸಿಕ್ಕಿಸುತ್ತಿದ್ದ. ಲೋರ್ನಾ ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು, ಅಲುಗಾಡದೆ ಕೂತಳು.